ಸರ್ವರ್ ಖಾಲಿ ಕೂತಿದೆ, ಪುಟ ಮಾತ್ರ ತೆರೆಯುತ್ತಿಲ್ಲ: ಲಾಗಿನ್ ಕ್ಯಾಶ್ ಕೈಕೊಟ್ಟಾಗ

ಪ್ರಶ್ನೆ: ನಾನು ಎರಡು ಕ್ಯಾಂಪಸ್ ಇರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿಸ್ಟಮ್ ಅಡ್ಮಿನ್. ಲ್ಯಾಬ್ ಕೈಪಿಡಿ, ಹಾಜರಿ, ಇಂಟರ್ನಲ್ ಅಂಕ ಎಲ್ಲವೂ ಇರುವ ಒಳಗಿನ ಪೋರ್ಟಲ್ ಉಬುಂಟು 22.04ರ ಮೇಲೆ ಅಪಾಚೆ ವೆಬ್ ಸರ್ವರಿನಲ್ಲಿ ಓಡುತ್ತಿದೆ; ಬಳಸುವವರು 600 ವಿದ್ಯಾರ್ಥಿಗಳು, 100 ಸಿಬ್ಬಂದಿ. ಲಾಗಿನ್ ಪರಿಶೀಲನೆ ಆಕ್ಟಿವ್ ಡೈರೆಕ್ಟರಿಯಿಂದ (ಎಲ್ಲರ ಖಾತೆ, ಗುಂಪುಗಳಿರುವ ಮೈಕ್ರೋಸಾಫ್ಟ್ ವ್ಯವಸ್ಥೆ), ಅದನ್ನು ಕೇಳುವ ಭಾಷೆಯಾದ ಎಲ್‌ಡಿಎಪಿ ಮೂಲಕ. ಆಕ್ಟಿವ್ ಡೈರೆಕ್ಟರಿ ಇರುವುದು ಇನ್ನೊಂದು ಕ್ಯಾಂಪಸ್ಸಿನಲ್ಲಿ, ವಿಪಿಎನ್ (ಕ್ಯಾಂಪಸ್‌ಗಳ ನಡುವಿನ ಖಾಸಗಿ ಸಂಪರ್ಕ) ಆಚೆ; ಪಿಂಗ್ (ಹೋಗಿಬರುವ ಹೊತ್ತು) ಸುಮಾರು 30 ಮಿಲಿಸೆಕೆಂಡ್. ಬೆಳಿಗ್ಗೆ ಮೊದಲು ಬಂದ ಕೆಲವರಿಗೆ ಪುಟ ಒಂದು ನಿಮಿಷ ತೆರೆಯುವುದೇ ಇಲ್ಲ, ಆಮೇಲೆ ತಾನಾಗಿ ಸರಿಯಾಗುತ್ತದೆ. 10 ಗಂಟೆಗೆ ಲ್ಯಾಬ್‌ಗಳು ಶುರುವಾದರೆ ಎಲ್ಲರಿಗೂ ನಿಧಾನ. ಆಗ ಸಿಪಿಯು ನೋಡಿದರೆ ಶೇ. 5 ಕೂಡ ದಾಟಿರುವುದಿಲ್ಲ. ರ್‍ಯಾಮ್ ಎರಡರಷ್ಟು ಮಾಡಿಸಿದೆವು, ವರ್ಕರ್ (ಒಂದೊಂದು ವಿನಂತಿ ನೋಡಿಕೊಳ್ಳುವ ಅಪಾಚೆಯ ಕೆಲಸಗಾರ) ಸಂಖ್ಯೆ 150ರಿಂದ 400ಕ್ಕೆ ಏರಿಸಿದೆವು, ಲಾಗಿನ್ ಕ್ಯಾಶ್ (ಹಿಂದಿನ ಉತ್ತರಗಳ ತಾತ್ಕಾಲಿಕ ದಾಸ್ತಾನು) ಅವಧಿಯನ್ನು 600ರಿಂದ 3600 ಸೆಕೆಂಡಿಗೆ ಹೆಚ್ಚಿಸಿದೆವು. ಪ್ರಯೋಜನವಾಗಲಿಲ್ಲ. ಸರ್ವರ್ ಮಾರಿದವರು ಹೊಸದು ಕೊಳ್ಳಿ ಎನ್ನುತ್ತಿದ್ದಾರೆ. ಗೆಳೆಯರೊಬ್ಬರು ಸಾಕ್ಯಾಶ್ ಮಾಡ್ಯೂಲ್ (ಲಾಗಿನ್ ಉತ್ತರ ನೆನಪಿಡುವ ಅಪಾಚೆಯ ಇನ್ನೊಂದು ಭಾಗ) ಹಾಕಿ ಎಂದರು. ಇದೆಲ್ಲದರ ನಡುವೆ ಕೆಲಸ ಬಿಟ್ಟ ಉಪನ್ಯಾಸಕರೊಬ್ಬರ ಖಾತೆ ನಿಷ್ಕ್ರಿಯ ಮಾಡಿದ ಮೇಲೂ ಅವರಿಗೆ ಅಂಕಪಟ್ಟಿ ಪುಟ ಹೆಚ್ಚುಕಡಿಮೆ ಒಂದು ಗಂಟೆ ತೆರೆಯುತ್ತಿತ್ತಂತೆ. ಪ್ರಾಂಶುಪಾಲರಿಗೆ ಈಗ ನಿಧಾನಕ್ಕಿಂತ ಇದೇ ದೊಡ್ಡ ಚಿಂತೆ. ಎಲ್ಲಿಂದ ಹಿಡಿಯಲಿ? ಕನ್ಫಿಗ್ ಫೈಲ್ ಜೊತೆಗಿದೆ.

ಉತ್ತರ: ಸದ್ಯಕ್ಕೆ ಹೊಸ ಸರ್ವರ್ ಕೊಳ್ಳಬೇಡಿ. ಸಿಪಿಯು ಶೇ. 5ರಲ್ಲಿ ಕೂತಿರುವಾಗ ಪುಟ ತಡವಾಗುತ್ತಿದೆ ಎಂದರೆ ನಿಮ್ಮ ಸರ್ವರ್ ಕೆಲಸ ಮಾಡುತ್ತಿಲ್ಲ, ಯಾರದೋ ಉತ್ತರಕ್ಕೆ ಕಾಯುತ್ತಿದೆ. ಕಾಯುವುದಕ್ಕೆ ದುಬಾರಿ ಯಂತ್ರ ಬೇಕಿಲ್ಲ.

ನಿಮ್ಮ ಪತ್ರದಲ್ಲಿರುವುದು ಒಂದಲ್ಲ, ಮೂರು ತೊಂದರೆ. ಬೆಳಗಿನ ಒಂದು ನಿಮಿಷದ್ದು ಬೇರೆ, 10 ಗಂಟೆಯದು ಬೇರೆ. ಹಳೆಯ ಉಪನ್ಯಾಸಕರ ಖಾತೆಯದಂತೂ ನೀವೇ ಕೈಯಾರೆ ಮಾಡಿಕೊಂಡದ್ದು. ಮೂರಕ್ಕೂ ಲಾಗಿನ್ ಕ್ಯಾಶಿನ ನಂಟಿರುವುದರಿಂದ ಒಂದೇ ರೋಗದಂತೆ ಕಾಣುತ್ತಿದೆ. ಇಂಥ ದೂರುಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದು: ಕ್ಯಾಶ್ ಆನ್ ಆಗಿದೆ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತಿದೆಯೇ ಎಂದು ಯಾರೂ ನೋಡಿರುವುದಿಲ್ಲ.

ಮೊದಲು ಬುಡದ ಸಂಗತಿ. ನೀವು ಬಳಸುತ್ತಿರುವುದು ಬೇಸಿಕ್ ಅಥೆಂಟಿಕೇಶನ್. ಬಳಕೆದಾರ ಒಮ್ಮೆ ಪಾಸ್‌ವರ್ಡ್ ಹೊಡೆಯುತ್ತಾನೆ ನಿಜ, ಆದರೆ ಬ್ರೌಸರ್ ಅದನ್ನು ಪ್ರತಿ ವಿನಂತಿಯ ಜೊತೆಗೂ ಕಳಿಸುತ್ತದೆ. ಅಪಾಚೆಗೆ ಹಿಂದಿನದು ನೆನಪಿರುವುದಿಲ್ಲ. ಊಟದ ಮನೆಯ ಬಾಗಿಲಲ್ಲಿ ಒಮ್ಮೆ ಕೂಪನ್ ತೋರಿಸಿ ಕೂತರೂ ಪಲ್ಯಕ್ಕೊಮ್ಮೆ, ಸಾರಿಗೊಮ್ಮೆ, ಮಜ್ಜಿಗೆಗೊಮ್ಮೆ ಮತ್ತೆ ಕೂಪನ್ ಕೇಳಿದ ಹಾಗೆ. ನಿಮ್ಮ ಮುಖಪುಟದಲ್ಲಿ ಚಿತ್ರ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಎಲ್ಲ ಸೇರಿ 40 ಫೈಲ್ ಇದ್ದರೆ 40 ಸಲ ಪರಿಶೀಲನೆ. ಫೈಲ್ ಬದಲಾಗಿಲ್ಲ ಎಂದು 304 ಉತ್ತರ ಕೊಡುವ ಮೊದಲೂ ಪರಿಶೀಲನೆ ಆಗಿಯೇ ಆಗುತ್ತದೆ. ಆ ಒಂದೊಂದು ಪರಿಶೀಲನೆಯೂ ವಿಪಿಎನ್ ದಾಟಿ ಹೋಗಿಬರಬಾರದು ಎಂದೇ ಅಪಾಚೆಯ ಎಲ್‌ಡಿಎಪಿ ಮಾಡ್ಯೂಲ್ ತನ್ನದೇ ಕ್ಯಾಶ್ ಇಟ್ಟುಕೊಂಡಿದೆ.

ಈ ಕ್ಯಾಶ್‌ನಲ್ಲಿ ಎರಡು ಭಾಗವಿದೆ. ಎರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ನಿಮ್ಮ ಶ್ರಮ ವ್ಯರ್ಥವಾಯಿತು. ಮೊದಲನೆಯದು ‘ಈ ಹೆಸರಿಗೆ ಈ ಪಾಸ್‌ವರ್ಡ್ ಸರಿ’ ಎಂಬುದನ್ನು ನೆನಪಿಡುವ ಭಾಗ, ಬಳಕೆದಾರನಿಗೆ ಒಂದೊಂದು ನಮೂದು. ಎರಡನೆಯದು ‘ಈತ ಈ ಗುಂಪಿನ ಸದಸ್ಯನೇ’ ಎಂಬ ಪ್ರಶ್ನೆಯ ಉತ್ತರಗಳನ್ನು ಇಡುವ ಭಾಗ, ಇದೇ ಕಂಪೇರ್ ಕ್ಯಾಶ್. ಎರಡಕ್ಕೂ ಮೂಲ (ನಾವು ಬದಲಿಸದಿದ್ದರೆ ಇರುವ) ಮಿತಿ 1024 ನಮೂದು, 600 ಸೆಕೆಂಡ್ ಆಯುಷ್ಯ. (ಅಪಾಚೆಯ ನಿರ್ದೇಶನಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬಿಡಿಸಿ ಬರೆಯುತ್ತೇನೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಜಾಗ ಬಿಡದೆ ಬರೆಯಬೇಕೆಂದು ನಿಮಗೆ ಹೇಳಬೇಕಿಲ್ಲ.) ನೀವು 3600ಕ್ಕೆ ಏರಿಸಿದ ‘ಎಲ್‌ಡಿಎಪಿ ಕ್ಯಾಶ್ ಟಿಟಿಎಲ್’ (ಆಯುಷ್ಯ) ಮೊದಲ ಭಾಗದ್ದು. ನಿಮ್ಮ ತೊಂದರೆ ಇರುವುದು ಎರಡನೆಯದರಲ್ಲಿ.

ಕನ್ಫಿಗ್‌ನಲ್ಲಿ ಗುಂಪಿನ ಷರತ್ತುಗಳು ನಾಲ್ಕಿವೆ: ಬೋಧಕರು, ಕಚೇರಿ ಸಿಬ್ಬಂದಿ, ಲ್ಯಾಬ್ ಸಿಬ್ಬಂದಿ, ಕೊನೆಯಲ್ಲಿ ವಿದ್ಯಾರ್ಥಿಗಳು. ಅಪಾಚೆ ಮೇಲಿನಿಂದ ಕೆಳಗೆ ಕೇಳುತ್ತಾ ಬಂದು ಹೌದು ಎಂಬ ಉತ್ತರ ಸಿಕ್ಕಲ್ಲಿ ನಿಲ್ಲುತ್ತದೆ. ಜೊತೆಗೆ, ಸದಸ್ಯರ ಪಟ್ಟಿ ಗುಂಪಿನ ದಾಖಲೆಯ ಯಾವ ಆಟ್ರಿಬ್ಯೂಟ್‌ನಲ್ಲಿದೆ (ಯಾವ ಕಾಲಮ್ಮಿನಲ್ಲಿದೆ) ಎಂದು ನೀವು ಹೇಳಿಲ್ಲ. ಹೇಳದಿದ್ದರೆ ಅದು ‘ಮೆಂಬರ್’, ‘ಯೂನಿಕ್ ಮೆಂಬರ್’ ಎರಡನ್ನೂ ಪ್ರಯತ್ನಿಸುತ್ತದೆ. ಆಕ್ಟಿವ್ ಡೈರೆಕ್ಟರಿಯ ಗುಂಪುಗಳು ಬಳಸುವುದು ಮೊದಲನೆಯದನ್ನು ಮಾತ್ರ. ಈಗ ಲೆಕ್ಕ ಹಾಕಿ. ಒಬ್ಬ ವಿದ್ಯಾರ್ಥಿ ಬಂದರೆ ಮೊದಲ ಮೂರು ಗುಂಪಿಗೆ ಎರಡೆರಡು ಪ್ರಶ್ನೆ, ಆರು ಸಲ ಇಲ್ಲ; ನಾಲ್ಕನೆಯ ಗುಂಪಿನಲ್ಲಿ ಒಂದು ಹೌದು. ಒಟ್ಟು 7. ಇಲ್ಲ ಎಂಬ ಉತ್ತರವೂ ಕ್ಯಾಶ್‌ನಲ್ಲಿ ಒಂದು ನಮೂದೇ. 1024ನ್ನು 7ರಿಂದ ಭಾಗಿಸಿದರೆ 146. ನಿಮ್ಮ ಗುಂಪಿನ ಕ್ಯಾಶ್ 146 ವಿದ್ಯಾರ್ಥಿಗಳಿಗೇ ತುಂಬಿಹೋಗುತ್ತದೆ!

ತುಂಬಿದಾಗ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಹಳೆಯದೊಂದನ್ನು ತೆಗೆದು ಹೊಸದೊಂದನ್ನು ಇಡುವ ಸೌಮ್ಯ ವ್ಯವಸ್ಥೆ ಇದಲ್ಲ. ಮುಕ್ಕಾಲು ಭಾಗ ತುಂಬಿದ ಹೊತ್ತನ್ನು ಗುರುತು ಹಾಕಿಟ್ಟುಕೊಂಡಿರುತ್ತದೆ. ಪೂರ್ತಿ ತುಂಬಿದೊಡನೆ ಆ ಹೊತ್ತಿಗಿಂತ ಹಿಂದೆ ಸೇರಿದ್ದನ್ನೆಲ್ಲ ಒಟ್ಟಿಗೆ ಗುಡಿಸಿಹಾಕುತ್ತದೆ. ಹಾಗೆ ಗುಡಿಸಿಹೋದವರ ಮುಂದಿನ ಕ್ಲಿಕ್ಕಿಗೆ ಮತ್ತೆ ಏಳೂ ಪ್ರಶ್ನೆ ವಿಪಿಎನ್ ದಾಟಬೇಕು. ಆ ಉತ್ತರಗಳು ಬಂದು ಸೇರಿ ಮತ್ತೆ ತುಂಬುತ್ತದೆ, ಮತ್ತೆ ಗುಡಿಸುತ್ತದೆ. 9 ಗಂಟೆಗೆ ನೂರು ಜನ ಇರುವಾಗ ಚೆನ್ನಾಗಿದ್ದದ್ದು 10ಕ್ಕೆ ಕುಸಿಯುವುದು ಇದಕ್ಕೇ. ನಿಧಾನವಾಗಿ ಹದಗೆಡುವುದಿಲ್ಲ, ಒಂದು ಗೆರೆ ದಾಟಿದೊಡನೆ ಬೀಳುತ್ತದೆ. 30 ಮಿಲಿಸೆಕೆಂಡಿನ ಏಳು ಪ್ರಶ್ನೆ ಎಂದರೆ ಒಂದು ಫೈಲಿಗೆ 210 ಮಿಲಿಸೆಕೆಂಡ್. 600 ವಿದ್ಯಾರ್ಥಿಗಳು, 100 ಸಿಬ್ಬಂದಿ ತಲಾ ಒಂದೇ ಪುಟ ತೆರೆದರೂ 28,000 ವಿನಂತಿ. ಸಾಲು ಬೆಳೆಯದೆ ಏನಾಗುತ್ತದೆ?

ವರ್ಕರ್ ಸಂಖ್ಯೆ ಏರಿಸಿದ್ದು ಇಲ್ಲಿ ಉಪಕಾರವಲ್ಲ, ಅಪಕಾರ. 150 ಜನ ಕಾಯುತ್ತಿದ್ದ ಕಡೆ 400 ಜನ ಕಾಯುವಂತಾಯಿತು, ಅಷ್ಟೂ ಜನ ಅದೇ ಡೊಮೇನ್ ಕಂಟ್ರೋಲರ್ (ಆಕ್ಟಿವ್ ಡೈರೆಕ್ಟರಿ ಓಡುವ ಸರ್ವರ್) ಬಾಗಿಲು ಬಡಿಯುತ್ತಿದ್ದಾರೆ. ಗೆಳೆಯರು ಹೇಳಿದ ಸಾಕ್ಯಾಶ್ ಮಾಡ್ಯೂಲ್ ಒಳ್ಳೆಯದೇ, ಆದರೆ ಅದು ಪಾಸ್‌ವರ್ಡ್ ಫೈಲ್, ಡಿಬಿಎಂ, ಎಸ್‌ಕ್ಯುಎಲ್ ಡೇಟಾಬೇಸ್ ಬಳಸುವವರಿಗೆ. ಎಲ್‌ಡಿಎಪಿ ಮಾಡ್ಯೂಲಿಗೆ ಅದರ ಸ್ವಂತ ಕ್ಯಾಶ್ ಇದೆ, ಇದು ಅದರ ಜೊತೆ ಸೇರುವುದಿಲ್ಲ. ಇನ್ನು ಮುಂದೊಂದು ಪ್ರಾಕ್ಸಿ ಕ್ಯಾಶ್ ನಿಲ್ಲಿಸಿದರೆ ಹೇಗೆ ಎಂದೂ ಯಾರಾದರೂ ಹೇಳಿಯಾರು. ಆಥರೈಸೇಶನ್ ಹೆಡರ್ ಇರುವ ವಿನಂತಿಯ ಉತ್ತರವನ್ನು, ಸರ್ವರ್ ಸ್ಪಷ್ಟವಾಗಿ ಅನುಮತಿ ಕೊಡದ ಹೊರತು, ಹಂಚಿಕೆಯ ಕ್ಯಾಶ್‌ಗಳು ಇಟ್ಟುಕೊಳ್ಳಬಾರದೆಂಬುದು ಎಚ್‌ಟಿಟಿಪಿಯ ನಿಯಮ. ಆ ನಿಯಮ ಇರುವುದು ಒಬ್ಬರ ಅಂಕಪಟ್ಟಿ ಇನ್ನೊಬ್ಬರಿಗೆ ಕಾಣದಿರಲಿ ಎಂದು. ಅದನ್ನು ಬಲವಂತವಾಗಿ ಮೀರುವ ಸಲಹೆ ಬಂದರೆ ಕೇಳಬೇಡಿ.

ಇಷ್ಟು ಹೇಳಿದರೂ, ನನ್ನ ಮಾತನ್ನೇ ನಂಬಿ ಕನ್ಫಿಗ್ ಬದಲಿಸಬೇಡಿ. ಮೊದಲು ನೋಡಿ. ಅಪಾಚೆಯಲ್ಲಿ ‘ಎಲ್‌ಡಿಎಪಿ-ಸ್ಟೇಟಸ್’ ಎಂಬ ಹ್ಯಾಂಡ್ಲರ್ ಇದೆ. ಒಂದು ಲೊಕೇಶನ್‌ಗೆ ಅದನ್ನು ಕಟ್ಟಿ, ನಿಮ್ಮ ಯಂತ್ರದ ಐಪಿಗೆ ಮಾತ್ರ ತೆರೆದಿಡಿ. ಬಳಕೆದಾರರ ಹೆಸರುಗಳೆಲ್ಲ ಅಲ್ಲಿ ಕಾಣುತ್ತವೆ. ಪ್ರತಿ ಕ್ಯಾಶಿಗೂ ನಮೂದುಗಳ ಸಂಖ್ಯೆ, ಹಿಟ್ (ಕ್ಯಾಶ್‌ನಲ್ಲೇ ಉತ್ತರ ಸಿಕ್ಕದ್ದು), ಪರ್ಜ್ (ಗುಡಿಸಿದ್ದು) ಎಂಬ ಅಂಕಿಗಳಿರುತ್ತವೆ. 10 ಗಂಟೆಗೆ ಕಂಪೇರ್ ಕ್ಯಾಶಿನ ಪರ್ಜ್ ಅಂಕಿ ನಿಮ್ಮ ಕಣ್ಣೆದುರೇ ಏರುತ್ತಾ ಹೋದರೆ ರೋಗ ಖಚಿತ. ಏರದಿದ್ದರೆ ನನ್ನ ಊಹೆ ತಪ್ಪು, ಬೇರೆ ಕಡೆ ಹುಡುಕಬೇಕು. ಆ ಪುಟವನ್ನು ರೀಲೋಡ್ ಮಾಡಿದಾಗಲೆಲ್ಲ ಅಂಕಿಗಳು ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತಿದ್ದರೆ ಇನ್ನೊಂದು ಅರ್ಥವಿದೆ: ಶೇರ್ಡ್ ಮೆಮೊರಿ ಬಳಕೆಯಲ್ಲಿಲ್ಲ, ಒಂದೊಂದು ಪ್ರೊಸೆಸ್ ತನ್ನದೇ ಕ್ಯಾಶ್ ಇಟ್ಟುಕೊಂಡಿದೆ. ‘ಎಲ್‌ಡಿಎಪಿ ಶೇರ್ಡ್ ಕ್ಯಾಶ್ ಸೈಜ್’ ಸೊನ್ನೆ ಮಾಡಿದಾಗ ಹಾಗಾಗುತ್ತದೆ. ನಿಮ್ಮಲ್ಲಿ ಅದು ಇಲ್ಲ, ಆದರೆ ಇಂಟರ್ನೆಟ್ಟಿನಿಂದ ನಕಲು ಮಾಡಿದ ಕನ್ಫಿಗ್‌ಗಳಲ್ಲಿ ನೋಡಿದ್ದೇನೆ.

ಇನ್ನೊಂದು ಸುಲಭದ ಪರೀಕ್ಷೆ. ಒಂದು ಸಾಲಿನ ಪಠ್ಯ ಫೈಲನ್ನು ಲಾಗಿನ್ ಬೇಕಾದ ಫೋಲ್ಡರಿನಲ್ಲೊಂದು, ಬೇಡದ ಫೋಲ್ಡರಿನಲ್ಲೊಂದು ಇಡಿ. 10 ಗಂಟೆಯ ಗದ್ದಲದಲ್ಲಿ ಕರ್ಲ್ (ಫೈಲ್ ತರಿಸುವ ಕಮಾಂಡ್) ಬಳಸಿ ಎರಡನ್ನೂ ತರಿಸಿ ಹೊತ್ತು ಅಳೆಯಿರಿ. ಬೇಡದ್ದು ತಕ್ಷಣ ಬಂದು ಬೇಕಾದ್ದು ತಡವಾದರೆ ಡಿಸ್ಕ್, ನೆಟ್‌ವರ್ಕ್, ಪಿಎಚ್‌ಪಿ ಎಲ್ಲವೂ ನಿರಪರಾಧಿಗಳು. ಎರಡೂ ತಡವಾದರೆ ವರ್ಕರ್‌ಗಳೇ ಮುಗಿದಿವೆ ಎಂದರ್ಥ. ಆಗ ಸರ್ವರ್ ಸ್ಟೇಟಸ್ ಪುಟ ನೋಡಿ.

ಈಗ ಬೆಳಗಿನ ಒಂದು ನಿಮಿಷ. ತಡ ಎಷ್ಟು ಸೆಕೆಂಡು ಎಂಬುದೇ ಅರ್ಧ ಉತ್ತರ ಹೇಳಿಬಿಡುತ್ತದೆ. ಒಮ್ಮೆ 7 ಸೆಕೆಂಡ್, ಒಮ್ಮೆ 12 ಎಂದು ಬದಲಾಗುತ್ತಿದ್ದರೆ ದಟ್ಟಣೆ. ಕರಾರುವಾಕ್ಕಾಗಿ 60 ಎಂದಾದರೆ ಯಾವುದೋ ಟೈಮ್‌ಔಟ್. ‘ಎಲ್‌ಡಿಎಪಿ ಟೈಮ್‌ಔಟ್’ನ ಮೂಲ ಬೆಲೆ 60 ಸೆಕೆಂಡ್.

ನಡೆಯುವುದು ಹೀಗೆ. ಅಪಾಚೆ ಒಮ್ಮೆ ತೆರೆದ ಎಲ್‌ಡಿಎಪಿ ಸಂಪರ್ಕವನ್ನು ಮುಚ್ಚದೆ ಮುಂದಿನವರಿಗೆಂದು ಇಟ್ಟುಕೊಳ್ಳುತ್ತದೆ. ಎಷ್ಟು ಹಳೆಯದಾದರೂ ಬಳಸು ಎಂಬುದು ಅದರ ಮೂಲ ನಿಯಮ. ಆಕ್ಟಿವ್ ಡೈರೆಕ್ಟರಿಯಾದರೋ 900 ಸೆಕೆಂಡ್ ಸುಮ್ಮನಿದ್ದ ಸಂಪರ್ಕವನ್ನು ಮುಚ್ಚಿಬಿಡುತ್ತದೆ. ನಡುವೆ ಇರುವ ಫೈರ್‌ವಾಲ್ ಅದಕ್ಕೂ ಮೊದಲೇ ಆ ಸಂಪರ್ಕವನ್ನು ಮರೆತಿದ್ದರೆ, ಮುಚ್ಚಿದೆ ಎಂಬ ಸುದ್ದಿಯೂ ಈಚೆಗೆ ತಲುಪುವುದಿಲ್ಲ. ರಾತ್ರಿಯಿಡೀ ಯಾರೂ ಬರಲಿಲ್ಲ. ಬೆಳಿಗ್ಗೆ ಮೊದಲ ವ್ಯಕ್ತಿಯ ಪ್ರಶ್ನೆಯನ್ನು ಅಪಾಚೆ ಆ ಸತ್ತ ಸಂಪರ್ಕದ ಮೇಲೆ ಕಳಿಸುತ್ತದೆ, ಫೈರ್‌ವಾಲ್ ಸದ್ದಿಲ್ಲದೆ ನುಂಗುತ್ತದೆ, ಅಪಾಚೆ 60 ಸೆಕೆಂಡ್ ಕಾದು, ಹೊಸ ಸಂಪರ್ಕ ತೆರೆದು ಮತ್ತೆ ಕೇಳುತ್ತದೆ. ತಾನಾಗಿ ಸರಿಯಾದಂತೆ ಕಾಣುವುದು ಅದಕ್ಕೇ. ಸಂಪರ್ಕಗಳ ದಾಸ್ತಾನು ಪ್ರೊಸೆಸ್‌ಗೊಂದರಂತೆ ಬೇರೆ ಬೇರೆ ಇರುವುದರಿಂದ ಒಬ್ಬರಿಗಲ್ಲ, ಮೊದಲ ಕೆಲವರಿಗೆ ಈ ಭಾಗ್ಯ.

ಇದಕ್ಕೆ ಎರಡು ಸಾಲು ಸಾಕು. ‘ಎಲ್‌ಡಿಎಪಿ ಕನೆಕ್ಷನ್ ಪೂಲ್ ಟಿಟಿಎಲ್’ ಅನ್ನು 300 ಮಾಡಿ. ಅದಕ್ಕಿಂತ ಹಳೆಯ ಸಂಪರ್ಕ ಬಳಕೆಗೆ ಬರುವುದಿಲ್ಲ. ನಿಮ್ಮ ಫೈರ್‌ವಾಲಿನ ಐಡಲ್ (ಸುಮ್ಮನಿರಲು ಬಿಡುವ) ಅವಧಿ ಇನ್ನೂ ಕಡಿಮೆ ಇದ್ದರೆ ಅದಕ್ಕಿಂತ ಕೆಳಗೆ ಇಡಿ. ‘ಎಲ್‌ಡಿಎಪಿ ಟೈಮ್‌ಔಟ್’ 10 ಮಾಡಿ. ಇಲ್ಲೊಂದು ಅಪಾಯವಿದೆ: ಡೊಮೇನ್ ಕಂಟ್ರೋಲರ್ ನಿಜವಾಗಿ ಬಳಲಿದ ದಿನ ಮೊದಲು ತಡವಾಗಿಯಾದರೂ ಒಳಗೆ ಹೋಗುತ್ತಿದ್ದವರಿಗೆ ಈಗ ನೇರ 500 ದೋಷ ಕಾಣಬಹುದು. ಹಾಗಾಗಿ 2, 3 ಸೆಕೆಂಡಿಗೆ ಇಳಿಸುವ ಆಸೆ ಬೇಡ. ಪೂಲ್ ಅವಧಿಯನ್ನು ಸೊನ್ನೆ ಮಾಡಲೂ ಹೋಗಬೇಡಿ. ಆಗ ಪ್ರತಿ ಸಲ ಹೊಸ ಸಂಪರ್ಕ. ನೀವು 636ನೇ ಪೋರ್ಟ್ ಬಳಸುತ್ತಿರುವುದರಿಂದ ಪ್ರತಿ ಸಲ ಟಿಎಲ್‌ಎಸ್ ಕೈಕುಲುಕೂ ಸೇರಿ, 30 ಮಿಲಿಸೆಕೆಂಡಿನ ದಾರಿಯಲ್ಲಿ ಅದು ಅಗ್ಗವಲ್ಲ. ಫೈರ್‌ವಾಲ್ ನೋಡಿಕೊಳ್ಳುವವರು ನಿಮ್ಮ ಮಾತು ಕೇಳುವವರಾಗಿದ್ದರೆ ಒಂದು ಕೋರಿಕೆ ಇಡಿ: ಸತ್ತ ಸಂಪರ್ಕದ ಪ್ಯಾಕೆಟ್ ನುಂಗುವ ಬದಲು ಟಿಸಿಪಿ ರೀಸೆಟ್ (ಸಂಪರ್ಕ ಮುಗಿದಿದೆ ಎಂಬ ಸುದ್ದಿ) ಕಳಿಸಲಿ. ಅಪಾಚೆಯ ಕೈಪಿಡಿಯೇ ಇದನ್ನು ಹೇಳುತ್ತದೆ.

10 ಗಂಟೆಯ ತೊಂದರೆಗೆ ಮರಳೋಣ. ಅಂಕಿ ಏರಿಸುವ ಮೊದಲು ಪ್ರಶ್ನೆ ಕಡಿಮೆ ಮಾಡುವುದು ನನ್ನ ಕ್ರಮ. ‘ಆಥ್ ಎಲ್‌ಡಿಎಪಿ ಗ್ರೂಪ್ ಆಟ್ರಿಬ್ಯೂಟ್’ ಎಂದು ಬರೆದು ಮುಂದೆ ‘ಮೆಂಬರ್’ ಒಂದನ್ನೇ ಕೊಡಿ. ವಿದ್ಯಾರ್ಥಿಗಳ ಸಾಲನ್ನು ಕೊನೆಯಿಂದ ಮೊದಲಿಗೆ ತನ್ನಿ. ಇಷ್ಟಕ್ಕೇ ವಿದ್ಯಾರ್ಥಿಗೆ ಏಳರ ಬದಲು ಒಂದೇ ಪ್ರಶ್ನೆ. ಸಿಬ್ಬಂದಿಗೆ ಹೆಚ್ಚೆಂದರೆ ನಾಲ್ಕು. 600ಕ್ಕೆ 600, 100 ಸಿಬ್ಬಂದಿಗೆ 400, ಒಟ್ಟು 1000. ಮಿತಿಯೊಳಗೆ ಬಂತು, ಅದೂ ಒಂದು ಬೈಟ್ ಮೆಮೊರಿ ಹೆಚ್ಚಿಸದೆ. ಗುಂಪಿನೊಳಗೆ ಗುಂಪು ನಿಮ್ಮಲ್ಲಿ ಇಲ್ಲದಿದ್ದರೆ ‘ಆಥ್ ಎಲ್‌ಡಿಎಪಿ ಮ್ಯಾಕ್ಸ್ ಸಬ್‌ಗ್ರೂಪ್ ಡೆಪ್ತ್’ ಸೊನ್ನೆ ಮಾಡಿ, ಉಪಗುಂಪು ಹುಡುಕುವ ಕೆಲಸವೂ ನಿಲ್ಲುತ್ತದೆ. ಆದರೆ ಸೊನ್ನೆ ಮಾಡುವ ಮೊದಲು ಆಕ್ಟಿವ್ ಡೈರೆಕ್ಟರಿ ನೋಡಿಕೊಳ್ಳುವವರನ್ನು ಕೇಳಿ. ‘ಬೋಧಕರು’ ಗುಂಪಿನೊಳಗೆ ವಿಭಾಗಗಳ ಗುಂಪುಗಳನ್ನು ಸೇರಿಸಿಟ್ಟಿದ್ದರೆ ಇಡೀ ವಿಭಾಗವೇ ಹೊರಗೆ ನಿಲ್ಲುತ್ತದೆ.

1000 ಎಂಬುದು 1024ಕ್ಕೆ ತೀರಾ ಹತ್ತಿರ, ಆದ್ದರಿಂದ ‘ಎಲ್‌ಡಿಎಪಿ ಆಪ್ ಕ್ಯಾಶ್ ಎಂಟ್ರೀಸ್’ ಅನ್ನು 8192ಕ್ಕೆ ಏರಿಸಿ. ಏರಿಸುವಾಗ ‘ಎಲ್‌ಡಿಎಪಿ ಶೇರ್ಡ್ ಕ್ಯಾಶ್ ಸೈಜ್’ ಕೂಡ ಏರಿಸಬೇಕು, ಇದನ್ನು ಮರೆಯುವವರೇ ಹೆಚ್ಚು. ಮೂಲ ಗಾತ್ರ 5,00,000 ಬೈಟ್. ಪ್ರತಿ ನಮೂದಿನಲ್ಲೂ ಗುಂಪಿನ ಡಿಎನ್ (ಡೈರೆಕ್ಟರಿಯಲ್ಲಿನ ಪೂರ್ಣ ಹೆಸರು), ಬಳಕೆದಾರನ ಡಿಎನ್ ಪೂರ್ತಿ ಇರುತ್ತವೆ. ಆಕ್ಟಿವ್ ಡೈರೆಕ್ಟರಿಯ ಡಿಎನ್‌ಗಳು ಎಷ್ಟು ಉದ್ದ ಎಂದು ನಿಮಗೆ ಗೊತ್ತು. ನಮೂದಿನ ಮಿತಿ ಮಾತ್ರ ಏರಿಸಿದರೆ ಜಾಗ ಮೊದಲು ಮುಗಿದು ಮತ್ತೆ ಅದೇ ಗುಡಿಸುವಿಕೆ. 50 ಲಕ್ಷ ಬೈಟ್ ಕೊಡಿ. ನೀವು ಈಗಾಗಲೇ ಕೊಂಡ ರ್‍ಯಾಮ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಕನ್ಫಿಗ್‌ನಲ್ಲಿ ಕಂಡ ಇನ್ನೆರಡು ಸಂಗತಿ. ಲ್ಯಾಬ್ ಫೋಲ್ಡರಿಗೆ ಸರ್ವರಿನ ಹೆಸರು ಕೊಟ್ಟು, ಅಂಕಗಳ ಫೋಲ್ಡರಿಗೆ ಐಪಿ ವಿಳಾಸ ಕೊಟ್ಟು ಎಲ್‌ಡಿಎಪಿ ಯುಆರ್‌ಎಲ್ ಬರೆದಿದ್ದೀರಿ. ಅಪಾಚೆಗೆ ಇವು ಎರಡು ಬೇರೆ ಯುಆರ್‌ಎಲ್, ಒಂದೊಂದಕ್ಕೂ ಬೇರೆ ಕ್ಯಾಶ್. ಒಬ್ಬನೇ ಮನುಷ್ಯನ ಬಗ್ಗೆ ಎರಡು ಸಲ ವಿಚಾರಣೆ. ಅಕ್ಷರಶಃ ಒಂದೇ ರೀತಿ ಬರೆಯಿರಿ. ಹುಡುಕಾಟವನ್ನು ಡೊಮೇನಿನ ಬೇರಿನಿಂದಲೇ ಶುರು ಮಾಡಿದ್ದೀರಿ. ಹಾಗೆ ಕೇಳಿದರೆ ಆಕ್ಟಿವ್ ಡೈರೆಕ್ಟರಿ ರೆಫರಲ್‌ಗಳನ್ನೂ (‘ಅಲ್ಲಿಯೂ ಕೇಳಿ’ ಎಂಬ ಸೂಚನೆಗಳು) ಕೊಡುತ್ತದೆ, ಅಪಾಚೆ ಅವನ್ನೂ ಬೆನ್ನಟ್ಟುತ್ತದೆ. ಬಳಕೆದಾರರು ಇರುವ ಓಯುವಿನಿಂದ (ಡೈರೆಕ್ಟರಿಯ ಉಪವಿಭಾಗ) ಹುಡುಕಿ, ‘ಎಲ್‌ಡಿಎಪಿ ರೆಫರಲ್ಸ್’ ಆಫ್ ಮಾಡಿ.

ಚಿತ್ರ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಇರುವ ಫೋಲ್ಡರನ್ನು ಲಾಗಿನ್‌ನಿಂದ ಹೊರಗಿಡುವುದು ಎಲ್ಲಕ್ಕಿಂತ ದೊಡ್ಡ ಲಾಭದ ಕೆಲಸ: 40 ಪರಿಶೀಲನೆ ಎರಡು ಮೂರಕ್ಕೆ ಇಳಿಯುತ್ತದೆ. ಆದರೂ ಇದನ್ನು ಮೊದಲು ಹೇಳಲಿಲ್ಲ. ಕಾಲೇಜು ಪೋರ್ಟಲ್‌ಗಳಲ್ಲಿ ‘ಸ್ಟ್ಯಾಟಿಕ್’ ಎಂಬ ಫೋಲ್ಡರಿನೊಳಗೆ ಏನೇನು ಇರುತ್ತದೆ ಎಂಬುದನ್ನು ಕಂಡವನು ನಾನು. ಯಾರೋ ಅವಸರದಲ್ಲಿ ಏರಿಸಿದ ಅಂಕಪಟ್ಟಿಯ ಪಿಡಿಎಫ್, ವಿದ್ಯಾರ್ಥಿಗಳ ಫೋಟೊ, ಆಧಾರ್ ಪ್ರತಿ. ಫೋಲ್ಡರನ್ನು ಪೂರ್ತಿ ಜಾಲಾಡಿ, ಅಂಥವನ್ನು ಬೇರೆಡೆ ಸಾಗಿಸಿ, ಆಮೇಲೆ ತೆರೆಯಿರಿ. ಜಾಲಾಡಲು ಪುರುಸೊತ್ತಿಲ್ಲದಿದ್ದರೆ ತೆರೆಯಲೇಬೇಡಿ. ಬದಲಿಗೆ ಆ ಫೈಲುಗಳಿಗೆ ಕ್ಯಾಶ್-ಕಂಟ್ರೋಲ್ ಹೆಡರಿನಲ್ಲಿ ಒಂದು ದಿನದ ಆಯುಷ್ಯ ಕೊಡಿ. ಬ್ರೌಸರ್ ತನ್ನಲ್ಲಿದ್ದುದನ್ನೇ ಬಳಸುತ್ತದೆ, ಸರ್ವರನ್ನು ಕೇಳಲು ಬರುವುದಿಲ್ಲ.

ಇನ್ನು ಪ್ರಾಂಶುಪಾಲರ ಚಿಂತೆ. ಅದು ನ್ಯಾಯವಾದದ್ದು. ಮೊದಲ ಕ್ಯಾಶ್‌ನಲ್ಲಿ ಹೆಸರು, ಪಾಸ್‌ವರ್ಡ್, ಪರಿಶೀಲಿಸಿದ ಹೊತ್ತು ಇರುತ್ತವೆ. ಮತ್ತೆ ಅದೇ ಪಾಸ್‌ವರ್ಡ್ ಬಂದರೆ ಅವಧಿ ಮುಗಿಯುವ ತನಕ ಆಕ್ಟಿವ್ ಡೈರೆಕ್ಟರಿಯನ್ನು ಕೇಳುವುದೇ ಇಲ್ಲ. ನೀವು ಅವಧಿಯನ್ನು 3600 ಸೆಕೆಂಡ್ ಮಾಡಿದಿರಿ, ಖಾತೆ ಮುಚ್ಚಿದ ಮೇಲೂ ಒಂದು ಗಂಟೆ ಬಾಗಿಲು ತೆರೆದಿತ್ತು. ಯಾರೂ ಒಳನುಗ್ಗಿಲ್ಲ, ಏನೂ ಹ್ಯಾಕ್ ಆಗಿಲ್ಲ. ಅದನ್ನು 600ಕ್ಕೆ ಮರಳಿಸಿ. ನಿಮ್ಮ 700 ಜನ ಆ ಭಾಗದ 1024ರೊಳಗೆ ಹೇಗೂ ಹಿಡಿಯುತ್ತಾರೆ, ಅವಧಿ ಹೆಚ್ಚಿಸಿದ್ದರಿಂದ ನಿಮಗೆ ವೇಗವೇನೂ ದಕ್ಕಿರಲಿಲ್ಲ. ಹತ್ತು ನಿಮಿಷವೂ ಹೆಚ್ಚಾಯಿತು ಎಂದರೆ, ಯಾರನ್ನಾದರೂ ತೆಗೆದ ದಿನ ಅಪಾಚೆಯನ್ನು ರೀಲೋಡ್ ಮಾಡಿ. ಕ್ಯಾಶ್ ಖಾಲಿಯಾಗಿ ಹೊಸದಾಗಿ ಕೇಳಲು ಶುರು ಮಾಡುತ್ತದೆ. ಲ್ಯಾಬ್ ಹೊತ್ತಿನಲ್ಲಿ ಮಾತ್ರ ಬೇಡ.

ತಪ್ಪು ಪಾಸ್‌ವರ್ಡ್‌ಗಳು ಮೊದಲ ಕ್ಯಾಶಿಗೆ ಸೇರುವುದೇ ಇಲ್ಲ ಎಂಬುದನ್ನೂ ತಿಳಿದಿರಿ. ಸೆಮಿಸ್ಟರ್ ಶುರುವಿನಲ್ಲಿ ಪಾಸ್‌ವರ್ಡ್ ಬದಲಿಸಿದ ಹುಡುಗನ ಮೊಬೈಲು ಹಳೆಯದನ್ನೇ ಕಳಿಸುತ್ತಿದ್ದರೆ ಆ ಒಂದೊಂದು ಪ್ರಯತ್ನವೂ ನೇರ ಡೊಮೇನ್ ಕಂಟ್ರೋಲರಿಗೆ ಹೋಗುತ್ತದೆ. ಭಾರವಂತೂ ಹೌದು, ಕೆಲವೊಮ್ಮೆ ಖಾತೆ ಲಾಕ್ ಆಗುವುದೂ ಉಂಟು. ಲಾಗ್‌ನಲ್ಲಿ 401 (ಲಾಗಿನ್ ಒಪ್ಪಲಿಲ್ಲ ಎಂಬ ಉತ್ತರ) ಎಣಿಸಿ ನೋಡಿ, ಇಬ್ಬರು ಮೂವರ ಹೆಸರೇ ಸಾವಿರ ಸಲ ಕಂಡರೆ ಆಶ್ಚರ್ಯವಿಲ್ಲ.

ಬೇಸಿಕ್ ಅಥೆಂಟಿಕೇಶನ್ ಬಿಟ್ಟು ಓಪನ್‌ಐಡಿ ಕನೆಕ್ಟ್‌ಗೆ ಹೋಗುವುದು ದೊಡ್ಡ ದಾರಿ. ಕೀಕ್ಲೋಕ್‌ನಂಥ ಲಾಗಿನ್ ಸರ್ವರನ್ನು ನಿಲ್ಲಿಸಿದರೆ ಒಮ್ಮೆ ಲಾಗಿನ್, ಆಮೇಲೆ ಸೆಷನ್ ಕುಕಿ. ಪ್ರತಿ ಫೈಲಿಗೂ ಡೈರೆಕ್ಟರಿ ಕೇಳುವ ಪ್ರಮೇಯವೇ ಇಲ್ಲ, ಎರಡು ಹಂತದ ಪರಿಶೀಲನೆಯನ್ನೂ ಸೇರಿಸಬಹುದು. ಆದರೆ ನೋಡಿಕೊಳ್ಳಲು ಇನ್ನೊಂದು ಸರ್ವರ್, ಇನ್ನೊಂದು ಡೇಟಾಬೇಸ್, ಅಪ್‌ಡೇಟ್‌ಗಳು. ಖಾತೆ ಮುಚ್ಚಿದ ಮೇಲೂ ಸೆಷನ್ ಮುಗಿಯುವ ತನಕ ಒಳಗಿರುವ ಸಮಸ್ಯೆ ಅಲ್ಲಿಯೂ ಇದೆ, ಅದರ ಅವಧಿಯನ್ನೂ ನೀವೇ ನಿರ್ಧರಿಸಬೇಕು. ಒಬ್ಬರೇ ಅಡ್ಮಿನ್ ಇರುವ ಕಡೆ ಈ ವರ್ಷ ನಾನಾದರೆ ಅದಕ್ಕೆ ಕೈಹಾಕುತ್ತಿರಲಿಲ್ಲ. ಹೊಸ ಸರ್ವರಿನ ಹಣ ಹೇಗೂ ಮಂಜೂರಾಗಿದೆ ಎಂದಾದರೆ ನಿಮ್ಮ ಕ್ಯಾಂಪಸ್ಸಿನಲ್ಲೇ ಒಂದು ರೀಡ್-ಓನ್ಲಿ (ಓದಲಷ್ಟೇ ಬರುವ) ಡೊಮೇನ್ ಕಂಟ್ರೋಲರ್ ನಿಲ್ಲಿಸಲು ಕೇಳಿ. 30 ಮಿಲಿಸೆಕೆಂಡ್ ಒಂದಕ್ಕಿಂತ ಕೆಳಗಿಳಿಯುತ್ತದೆ. ಆದರೆ ನಿಮ್ಮ ಬಳಕೆದಾರರ ಪಾಸ್‌ವರ್ಡ್‌ಗಳನ್ನು ಅಲ್ಲಿ ಇಟ್ಟುಕೊಳ್ಳಲು ಅನುಮತಿ ಕೊಡದಿದ್ದರೆ ಪಾಸ್‌ವರ್ಡ್ ಪರಿಶೀಲನೆ ಮತ್ತೆ ವಿಪಿಎನ್ ದಾಟಿಯೇ ಹೋಗುತ್ತದೆ. ಇದನ್ನು ಮೊದಲೇ ಮಾತಾಡಿಕೊಳ್ಳಿ.

ಕೆಲಸದ ಕ್ರಮ: ಇವತ್ತೇ 3600ನ್ನು 600ಕ್ಕೆ ಇಳಿಸಿ, ವರ್ಕರ್‌ಗಳನ್ನು ಹಳೆಯ 150ಕ್ಕೆ ತನ್ನಿ, ಸ್ಟೇಟಸ್ ಪುಟ ತೆರೆಯಿರಿ. ಪೂಲ್ ಮತ್ತು ಟೈಮ್‌ಔಟ್ ಸಾಲುಗಳನ್ನು ಸಂಜೆ ಸೇರಿಸಿದರೆ ಮರುದಿನ ಬೆಳಿಗ್ಗೆಯೇ ಫಲ ಗೊತ್ತಾಗುತ್ತದೆ. ಗುಂಪಿನ ಬದಲಾವಣೆಗಳನ್ನು ಅದರ ಮರುದಿನ ಮಾಡಿ. ಎಲ್ಲವನ್ನೂ ಒಂದೇ ರಾತ್ರಿ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ. ಗುಂಪಿನ ಸಾಲು ಬದಲಿಸುವ ಮುಂಚಿನ ಮತ್ತು ನಂತರದ ದಿನ 10.15ರ ಹೊತ್ತಿಗೆ ಕಂಪೇರ್ ಕ್ಯಾಶಿನ ನಮೂದು, ಹಿಟ್, ಪರ್ಜ್ ಅಂಕಿಗಳನ್ನು ಬರೆದಿಟ್ಟು ಕಳಿಸಿ. ಪರ್ಜ್ ನಿಂತರೂ ಪುಟ ನಿಧಾನವೇ ಇದ್ದರೆ ಮುಂದೆ ನೋಡಬೇಕಾದ್ದು ವಿಪಿಎನ್.